ಏಳು ನಿಮಿಷ ಮುಂದೆ

ಕಸ್ತೂರಬಾ ರಸ್ತೆಯ ತಿರುವಿನಲ್ಲಿ
ಅಪ್ಪನ ಹೆಸರಿನ ಬೋರ್ಡು, ಒಳಗೆ ನಾನು.
ಗೋಡೆ ತುಂಬ ಗಡಿಯಾರ; ಒಂದಕ್ಕೂ
ಇನ್ನೊಂದರ ಮಾತು ಒಪ್ಪಿಗೆಯಿಲ್ಲ.

ಧರಣೇಂದ್ರ ಬಂದ, ಸಾಲಗಾಮೆ ರಸ್ತೆಯ
ಉಪಗ್ರಹ ಕೇಂದ್ರದಲ್ಲಿ ಪಾಳಿ ಮುಗಿಸಿ.
ಕಣ್ಣ ಕೆಳಗೆ ರಾತ್ರಿ ಇನ್ನೂ ಹಾಗೇ ಇತ್ತು.
ಕರವಸ್ತ್ರ ಬಿಚ್ಚಿದ: ತೀರಿಹೋದ ತಂದೆಯ
ಕೀಲಿ ಕೊಡುವ ಎಚ್ಚೆಂಟಿ.
"ಮೇಲೆ ಸುತ್ತುವ ಗಡಿಯಾರ ಲಕ್ಷಾಂತರ ವರ್ಷಕ್ಕೆ
ಒಂದು ಸೆಕೆಂಡು ತಪ್ಪಿದರೆ ಹೆಚ್ಚು. ಇದು
ಬೆಳಗ್ಗೆ ಕೊಟ್ಟ ಮಾತು ಸಂಜೆಗೆ ಉಳಿಸಲ್ಲ."

ಕಣ್ಣಿಗೆ ಮಸೂರ ಸಿಕ್ಕಿಸಿದೆ.
ಲೋಕ ಒಂದು ಹಲ್ಲಿನ ಚಕ್ರದಷ್ಟಾಯಿತು.

ನನ್ನ ಮುತ್ತಜ್ಜ ಗಳಿಗೆಬಟ್ಟಲು ಮಾಡುತ್ತಿದ್ದ.
ತಾಮ್ರದ ತಗಡು ಬಡಿದು ಬಡಿದು ಎಲೆಯಷ್ಟು ತೆಳ್ಳಗೆ,
ತಳಕ್ಕೆ ಚಿನ್ನದ ಎಳೆ ತೂರುವಷ್ಟೇ ತೂತು.
ಹಂಡೆಯಲ್ಲಿ ತೇಲಿಬಿಟ್ಟರೆ ಸದ್ದಿಲ್ಲದೆ
ಕುಡಿಯುತ್ತ, ಕುಡಿಯುತ್ತ, ಗುಳುಂ:
ಒಂದು ಗಳಿಗೆ.
ಅರವತ್ತು ಸಲ ಮುಳುಗಿದರೆ ಒಂದು ಹಗಲು, ಒಂದು ರಾತ್ರಿ.

ದುದ್ದದಲ್ಲಿ ಅವನದೇ ಮದುವೆ, ಅವನದೇ ಬಟ್ಟಲು.
ಕಾಯಲು ಕೂತ ಹೆಣ್ಣಿನ ಅಣ್ಣ ಕಾಳಾಚಾರಿಗೆ ತೂಕಡಿಕೆ.
ಬೆಚ್ಚಿ ಎದ್ದರೆ ಬಟ್ಟಲು ತಳದಲ್ಲಿ.
ಮುಳುಗಿದ್ದು ಈಗಲೋ, ಆಗಲೋ,
ನೀರನ್ನು ಯಾರು ಕೇಳಬೇಕು?
"ಗಳಿಗೆ ಬಂತು!" ಅಂತ ಕೂಗಿಯೇಬಿಟ್ಟ.
ವಾಲಗ ಮೊಳಗಿತು, ಅಕ್ಷತೆ ಬಿತ್ತು.
ತಂಗಿಯ ಮೂರನೇ ಮಗುವಿನ ನಾಮಕರಣದಲ್ಲಿ
ಹೆಂಡ ನೆತ್ತಿಗೇರಿ ಅವನೇ ನಿಜ ಹೇಳಿದ್ದು.
ಮುತ್ತಜ್ಜಿ ನಕ್ಕು, ಇನ್ನೊಂದು ಒಬ್ಬಟ್ಟು ಹಾಕಿದಳಂತೆ.
ಆ ಸುಳ್ಳು ಗಳಿಗೆಯ ಮೊಮ್ಮಗನ ಮಗಳು ನಾನು,
ಇಪ್ಪತ್ತು ವರ್ಷದಿಂದ ಹಾಸನಕ್ಕೆ
ಸರಿಯಾದ ಟೈಮು ಕೊಡುತ್ತಿದ್ದೇನೆ.

ಮುತ್ತಜ್ಜಿಗಂತೂ ಬಟ್ಟಲೂ ಬೇಡವಿತ್ತು.
ಹೊತ್ತು ಮಾರುದ್ದ ಏರಿದರೆ ರೊಟ್ಟಿ, ನೆತ್ತಿಗೆ ಬಂದರೆ ಮುದ್ದೆ.
ಪಕ್ಕದೂರು? ಎರಡು ಸಲ ಎಲೆಅಡಿಕೆ ಜಗಿಯುವಷ್ಟು ದೂರ.
ಅಜ್ಜ ಹುಟ್ಟಿದ್ದು ಪ್ಲೇಗಿನ ಮಾರನೇ ವರ್ಷ,
ಹುರುಳಿ ಕೀಳುವಾಗ, ಬೆಳ್ಳಿ ಮೂಡುವ ಹೊತ್ತು.
ಶಾಲೆಯ ಮೇಷ್ಟ್ರು ಇಷ್ಟನ್ನೂ ಕೇಳಿಸಿಕೊಂಡು
ಬರೆದುಕೊಂಡದ್ದು: ಜೂನ್ ಒಂದು.

ಊರ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ.
ಶಕವರ್ಷ ಸವೆದು ಹೋಗಿದೆ. ಸಂವತ್ಸರದ ಮೇಲೆ
ಎಮ್ಮೆಗಳು ಮೈಯುಜ್ಜಿ ನುಣುಪು.
ಉಳಿದದ್ದು 'ಬೃಹವಾರ' ಎಂಬ ನಾಲ್ಕಕ್ಷರ.
ತುರು ಬಿಡಿಸಲು ಹೋಗಿ ಯಾರೋ ಸತ್ತ, ಒಂದು ಗುರುವಾರ.
ಯಾವುದೆಂದು ಗೊತ್ತಿಲ್ಲದ್ದರಿಂದ
ಪ್ರತಿ ವಾರವೂ ಅವನದೇ.

ವಾಚಿನ ಹಿಂಬದಿ ತೆರೆದೆ. ಮುಚ್ಚಳದ ಒಳಮೈಯಲ್ಲಿ
ಸೂಜಿಮೊನೆಯ ಗೀರು, ಅಪ್ಪನ ಕೈ:
೧೨-೬-೮೪. ೩-೨-೯೧.
ಮೂರನೆಯದು ನಡುಗಿದೆ, ಓದಲಾಗದು.
ರಿಪೇರಿಯವರ ಶಾಸನ ಇದು;
ಕಟ್ಟಿಕೊಂಡವನು ಎಂದೂ ಓದುವುದಿಲ್ಲ.
ಕೆಳಗೆ ಇವತ್ತಿನ ತಾರೀಖು ಗೀರಿದೆ.
ಎಣ್ಣೆ ಒಂದು ಹನಿ. ಬಾಲಚಕ್ರ ಉಸಿರೆಳೆದುಕೊಂಡಿತು.

ದುಡ್ಡು ಕೊಟ್ಟು ಹೊರಟವನು ಬಾಗಿಲಲ್ಲಿ ನಿಂತ.
"ಏಳು ನಿಮಿಷ ಮುಂದಿಟ್ಟುಬಿಡಿ ಅಕ್ಕ.
ಅಪ್ಪಾಜಿ ಹಾಗೇ ಇಡುತ್ತಿದ್ದರು. ಕಚೇರಿಯಿಂದ ಬಸ್ಸು ಹಿಡಿದು
ಹೊತ್ತು ಮುಳುಗುವ ಮೊದಲು ಉಣ್ಣಬೇಕಿತ್ತಲ್ಲ,
ಒಂದು ತುತ್ತೂ ಕತ್ತಲಿಗೆ ಹೋಗಬಾರದೆಂದು."
"ನೀನು?"
"ನಾನು ರಾತ್ರಿ ಎರಡಕ್ಕೆ ಕ್ಯಾಂಟೀನಿನಲ್ಲಿ ಉಣ್ಣುತ್ತೇನೆ."
ಇಟ್ಟುಕೊಟ್ಟೆ.

ಆ ದಾರಿಯಲ್ಲಿ ಹೋದರೆ ಕಾಣುತ್ತವೆ,
ಬಾನಿಗೆ ಬಾಯಿ ತೆರೆದ ದೊಡ್ಡ ಬಿಳಿ ಬಟ್ಟಲುಗಳು.
ತಳದಲ್ಲಿ ತೂತಿಲ್ಲ, ಮುಳುಗುವ ಮಾತಿಲ್ಲ.
ಆದರೂ ಪಕ್ಕದಲ್ಲಿ ಒಬ್ಬ
ರಾತ್ರಿಯಿಡೀ ಕಾಯುತ್ತ ಕೂತಿರಬೇಕು.
ನಿದ್ದೆ ಬಂದೀತು, ಪಾಪ.